ಹಳೆಯ ಗಣಕಯಂತ್ರಕ್ಕೆ ವಾರಸುದಾರರು ಯಾರು?

ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳಂತಹ ತಾಲ್ಲೂಕು ಕೇಂದ್ರಗಳಲ್ಲಿ ಪಹಣಿಯ ಪ್ರತಿ ತೆಗೆದುಕೊಡುವ, ಅರ್ಜಿ ತುಂಬಿಕೊಡುವ, ಲಗ್ನಪತ್ರಿಕೆ ಅಚ್ಚುಮಾಡಿಕೊಡುವ ಸಣ್ಣ ಅಂಗಡಿಗಳಿಗೆ ಬೆಂಗಳೂರಿನ ಕಚೇರಿಗಳು ವಿಸರ್ಜಿಸಿದ ಗಣಕಯಂತ್ರಗಳು ಎಸ್.ಪಿ. ರಸ್ತೆಯ ಮಳಿಗೆಗಳ ಮಾರ್ಗವಾಗಿ ಬಂದು ಎರಡನೆಯ ಜನ್ಮವನ್ನು ಪಡೆಯುವುದುಂಟು. ಕಂಪನಿಗಳು ಕೈಬಿಟ್ಟ ಇಂತಹ ಯಂತ್ರಗಳಿಗೆ ಲಿನಕ್ಸ್ ಮೊದಲಾದ ಮುಕ್ತ ತಂತ್ರಾಂಶಗಳೇ ಕಡೆಯ ಆಶ್ರಯವೆಂಬ ನಂಬಿಕೆ ಬಹುಕಾಲದಿಂದ ಬೇರೂರಿದೆ. ಆ ಆಶ್ರಯದ ಬಾಗಿಲೂ ಈಗ ಮುಚ್ಚುತ್ತಿದೆ. 2025ರ ಆಗಸ್ಟ್ 9ರಂದು ಪ್ರಕಟವಾದ, ಲಿನಕ್ಸಿನ ಒಂದು ರೂಪವಾದ ಡೆಬಿಯನ್ 13ರಲ್ಲಿ ಹಳೆಯ 32 ಬಿಟ್ ಪಿ.ಸಿ.ಗಳಿಗೆ ಇನ್‌ಸ್ಟಾಲರೂ ಇಲ್ಲ, ವ್ಯವಸ್ಥೆಯ ತಿರುಳಾದ ಕರ್ನಲ್ಲೂ ಇಲ್ಲ. ಅದೇ ವರ್ಷ ಫೈರ್‌ಫಾಕ್ಸ್ ಕೂಡ 32 ಬಿಟ್ ಲಿನಕ್ಸಿಗೆ 144ನೆಯ ಆವೃತ್ತಿಯೇ ಕೊನೆಯದೆಂದು ಸಾರಿತು. ಕ್ರೋಮ್ ಈ ಕೆಲಸವನ್ನು 2016ರಲ್ಲಿಯೇ ಮಾಡಿ ಮುಗಿಸಿತ್ತು.

ಈ ತ್ಯಾಗಪರಂಪರೆಯ ಮೊದಲ ದೊಡ್ಡ ಬಲಿ ಲಿನಕ್ಸಿನ ಜನ್ಮಸ್ಥಾನವೇ ಆದುದು ವಿಧಿಯ ಚಮತ್ಕಾರ. 1991ರ ಜನವರಿಯಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಇಂಟೆಲ್ 386 ಪ್ರೊಸೆಸರ್ ಉಳ್ಳ ಒಂದು ಯಂತ್ರವನ್ನು ಕೊಂಡರು. ಅದರ ಗುಣಾವಗುಣಗಳಿಗೆ ತಕ್ಕಂತೆ ಬರೆದುಕೊಂಡ ಕಾರ್ಯಾಚರಣ ವ್ಯವಸ್ಥೆಯನ್ನು ಅದೇ ಆಗಸ್ಟ್ 25ರಂದು ಲೋಕಕ್ಕೆ ತಿಳಿಸಿದರು. 1985ರಲ್ಲಿ ಹೊರಬಂದಿದ್ದ ಆ ಪ್ರೊಸೆಸರಿನಲ್ಲಿ ಒಂದು ಮೂಲಭೂತ ನ್ಯೂನತೆಯಿತ್ತು: ಬರೆಯಕೂಡದೆಂದು ಗುರುತುಮಾಡಿದ ಸ್ಮೃತಿಪುಟದ ಮೇಲೆ ಸಾಮಾನ್ಯ ಪ್ರೋಗ್ರಾಮ್ ಬರೆಯಹೊರಟರೆ ತಡೆಯುತ್ತಿತ್ತಾದರೂ ಸ್ವತಃ ಕರ್ನಲ್ ಬರೆಯಹೊರಟಾಗ ತಡೆಯುತ್ತಿರಲಿಲ್ಲ. ಹಲವು ಪ್ರೊಸೆಸರುಗಳು ಏಕಕಾಲದಲ್ಲಿ ಕೆಲಸಮಾಡುವಾಗ ಪರಸ್ಪರ ಎಡವದಂತೆ ಕಾಯುವ ಕೆಲವು ಆಜ್ಞೆಗಳೂ ಅದರಲ್ಲಿರಲಿಲ್ಲ. ಅವು 1989ರ 486ರೊಡನೆ ಬಂದವು. ಆದುದರಿಂದ ಕರ್ನಲ್ಲಿನ ಮರ್ಮಸ್ಥಾನಗಳಲ್ಲಿ ಯಾವ ಸುಧಾರಣೆ ಮಾಡಹೊರಟರೂ 386ರ ಸಲುವಾಗಿ ಬೇರೊಂದು ದಾರಿಯನ್ನು ಕಾದಿರಿಸಬೇಕಾಗುತ್ತಿತ್ತು. 2012ರ ಡಿಸೆಂಬರಿನಲ್ಲಿ ಇಂಗೊ ಮೋಲ್ನಾರ್ ಆ ಹೊರೆಯನ್ನು ಇಳಿಸುವ ಬದಲಾವಣೆಗಳನ್ನು ಕಳುಹಿದಾಗ ಟೋರ್ವಾಲ್ಡ್ಸ್ ತಮ್ಮ ಹಳೆಯ ಯಂತ್ರವೆಂಬ ಮಮಕಾರವಿಲ್ಲದೆ ಅವನ್ನು ಅಂಗೀಕರಿಸಿದರು. 2013ರ ಫೆಬ್ರುವರಿಯ 3.8ನೆಯ ಆವೃತ್ತಿಯಿಂದಾಚೆಗೆ ಲಿನಕ್ಸ್ ತಾನು ಹುಟ್ಟಿದ ಪ್ರೊಸೆಸರಿನ ಮೇಲೆ ನಡೆಯಲಾರದಾಯಿತು. 2025ರ ಏಪ್ರಿಲಿನಲ್ಲಿ ಅದೇ ಮೋಲ್ನಾರ್ 486ನ್ನೂ ಬಿಟ್ಟುಬಿಡುವ ಪ್ರಸ್ತಾಪವನ್ನು ಮುಂದಿಟ್ಟರು.

ಇಷ್ಟನ್ನು ಕೇಳಿದವರು ವಯಸ್ಸಾದುದೆಲ್ಲವೂ ಹೋಗತಕ್ಕದ್ದೆಂದು ಭಾವಿಸಿದರೆ ಅದು ತಪ್ಪು ತಿಳಿವಳಿಕೆ. ಇಂಟೆಲ್ ಮತ್ತು ಎಚ್‌ಪಿ ಕಂಪನಿಗಳು ಅಪಾರ ವೆಚ್ಚಮಾಡಿ 2001ರಲ್ಲಿ ಮಾರುಕಟ್ಟೆಗೆ ತಂದ ಇಟಾನಿಯಂ ಪ್ರೊಸೆಸರು, ಕೊನೆಯ ಬಾರಿ ಮಾರಾಟವಾದ 2021ರಲ್ಲಿಯೇ ಲಿನಕ್ಸಿನ ಪೋಷಕರ ಪಟ್ಟಿಯಲ್ಲಿ ಅನಾಥವೆಂದು ದಾಖಲಾಗಿ, 2024ರ ಜನವರಿಯಲ್ಲಿ ಬಂದ 6.7ನೆಯ ಆವೃತ್ತಿಯಲ್ಲಿ ಕಣ್ಮರೆಯಾಯಿತು. ಅದಕ್ಕಿಂತ ಎಷ್ಟೋ ಹಿರಿಯದಾದ ಮೋಟೊರೋಲಾ 68000 ವಂಶದ ಪ್ರೊಸೆಸರುಗಳು ಮಾತ್ರ ಇಂದಿಗೂ ಅಲ್ಲಿ ಸುಖವಾಗಿವೆ. ಏಕೆಂದರೆ ಗೀರ್ಟ್ ಉಯ್ಟರ್‌ಹೂವನ್ ಎಂಬವರು ಅವುಗಳ ಪೋಷಣೆಯನ್ನು ವರ್ಷಾನುವರ್ಷ ನಿಷ್ಠೆಯಿಂದ ಹೊತ್ತಿದ್ದಾರೆ. 2018ರಲ್ಲಿ ಆರ್ಂಡ್ ಬರ್ಗ್‌ಮನ್ ಒಂದೇ ಏಟಿಗೆ ಎಂಟು ಪ್ರೊಸೆಸರ್ ವಂಶಗಳನ್ನು ತೆಗೆದುಹಾಕಿದಾಗಲೂ ಬಳಸುವವರೂ ಕಾಯುವವರೂ ಉಳಿದಿಲ್ಲವೆಂಬುದೇ ಮುಖ್ಯ ಕಾರಣವಾಗಿತ್ತು. ಯಂತ್ರದ ಆಯುಸ್ಸನ್ನು ಇಲ್ಲಿ ನಿರ್ಣಯಿಸುವುದು ಅದರ ವಯಸ್ಸಲ್ಲ, ವಾರಸುದಾರರು ಇದ್ದಾರೆಯೇ ಇಲ್ಲವೇ ಎಂಬುದು.

ಬಳಕೆಯಿಲ್ಲವೆಂದ ಮಾತ್ರಕ್ಕೆ ಕಿತ್ತುಹಾಕುವುದು ಯುಕ್ತವೇ ಎಂದು ನಮ್ಮ ಜಿಲ್ಲೆಯವರು ಕೇಳಿದರೆ ಅದರಲ್ಲಿ ಅರ್ಥವಿದೆ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣಿವಿಲಾಸಸಾಗರದ ಕೋಡಿ 1933ರಲ್ಲಿ ಹರಿದುದು ಮತ್ತೆ ಹರಿದದ್ದು 2022ರಲ್ಲಿ. ನಡುವಣ 89 ವರ್ಷ ಒಣಗಿನಿಂತ ಆ ಕೋಡಿಯನ್ನು ನಿರುಪಯುಕ್ತವೆಂದು ಯಾರಾದರೂ ಮುಚ್ಚಿಸಿದ್ದರೆ ಗತಿಯೇನಾಗುತ್ತಿತ್ತು! ಆದರೆ ಕಟ್ಟೆಯ ಕೋಡಿಯನ್ನು ನೋಡಿಕೊಳ್ಳಲು ಸರ್ಕಾರವಿದೆ, ಸಂಬಳ ಪಡೆಯುವ ಇಂಜಿನಿಯರುಗಳಿದ್ದಾರೆ. ಮುಕ್ತ ತಂತ್ರಾಂಶದ ಹಳೆಯ ಡ್ರೈವರನ್ನು ನೋಡಿಕೊಳ್ಳುವವರಲ್ಲಿ ಅನೇಕರು ಬಿಡುವಿನ ವೇಳೆಯಲ್ಲಿ ದುಡಿಯುವವರು. ಪರೀಕ್ಷಿಸಿ ನೋಡಲು ಎಷ್ಟೋ ಬಾರಿ ಅವರ ಮನೆಯಲ್ಲಿ ಆ ಯಂತ್ರವೇ ಇರುವುದಿಲ್ಲ. ಪರೀಕ್ಷೆಗೊಳಗಾಗದ ತಂತ್ರಾಂಶ ಇದ್ದರೂ ಇಲ್ಲದಂತೆಯೇ. ಮೇಲಾಗಿ ಅದರೊಳಗೆ ಕಳ್ಳರು ನುಗ್ಗಬಹುದಾದ ಕಂಡಿಗಳು ಯಾರ ಗಮನಕ್ಕೂ ಬಾರದೆ ಉಳಿಯುತ್ತವೆ.

ಹಳೆಯ ಯಂತ್ರಗಳನ್ನು ಹೀಗೆ ಕೈಬಿಡುವುದರ ಬಿಸಿ ನಮ್ಮ ಶಾಲೆಗಳಿಗೂ ತಟ್ಟುವಂತಹುದು. ಡಿ.ಎಸ್.ಇ.ಆರ್.ಟಿ.ಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಕೂಡಿ ಕಳೆದ ದಶಕದ ಆರಂಭದಲ್ಲಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ಮೂಲಕ ಸರ್ಕಾರಿ ಪ್ರೌಢಶಾಲೆಗಳ ಉಪಾಧ್ಯಾಯರು ಉಬುಂಟುವನ್ನೂ ಜಿಯೋಜೀಬ್ರಾವನ್ನೂ ಕಲಿತರು. ಅದೇ ಉಬುಂಟು 2017ರ ಅಕ್ಟೋಬರಿನ 17.10ರಿಂದ 32 ಬಿಟ್ ಡೆಸ್ಕ್‌ಟಾಪ್ ಪ್ರತಿಯನ್ನು ನಿಲ್ಲಿಸಿತು, ಹಳೆಯ 16.04ಕ್ಕೆ ಸಾಮಾನ್ಯ ಪೋಷಣೆ 2021ರ ಏಪ್ರಿಲಿಗೆ ಮುಗಿಯಿತು. ನಗರದಲ್ಲಿ ಕೈಗೊಂಡ ನಿರ್ಣಯದ ಭಾರ ಹೀಗೆ ಕಡೆಗೆ ಬಂದು ಬೀಳುವುದು ಹೊಸ ಯಂತ್ರ ಕೊಳ್ಳಲು ಹಣವಿಲ್ಲದವರ ಹೆಗಲ ಮೇಲೆಯೇ. ಆದರೂ 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ನ್ನು ಮೈಕ್ರೋಸಾಫ್ಟ್ ಕೈಬಿಟ್ಟ ರೀತಿಗೂ ಇದಕ್ಕೂ ಇರುವ ಅಂತರವನ್ನು ನಾನು ಅಲ್ಪವೆಂದು ಎಣಿಸಲಾರೆ: ಇಲ್ಲಿ ಕಾರಣಗಳು ಬಹಿರಂಗವಾಗಿವೆ, ತೆಗೆದುಹಾಕಿದ ಸಾಲುಗಳು ಹಳೆಯ ಆವೃತ್ತಿಗಳಲ್ಲಿ ಹಾಗೆಯೇ ಇವೆ, ಶಕ್ತರಾದವರು ಅವನ್ನೆತ್ತಿಕೊಂಡು ಮುಂದುವರಿಸಲು ಯಾರ ಅಪ್ಪಣೆಯೂ ಬೇಡ.

ಅಂಗಡಿಯವರಿಗೂ ಉಪಾಧ್ಯಾಯರಿಗೂ ಒಂದು ವಿಜ್ಞಾಪನೆ. 32 ಬಿಟ್ ವ್ಯವಸ್ಥೆ ನಡೆಯುತ್ತಿರುವ ಯಂತ್ರವೆಲ್ಲ 32 ಬಿಟ್ ಯಂತ್ರವಲ್ಲ; 2006ರಲ್ಲಿ ಬಂದ ಕೋರ್ 2 ಡ್ಯುಯೊ ಪ್ರೊಸೆಸರುಗಳು 64 ಬಿಟ್ ಸಾಮರ್ಥ್ಯದವೇ ಆಗಿದ್ದರೂ ಅವುಗಳಲ್ಲಿ ಅನೇಕಕ್ಕೆ ಅಂದು 32 ಬಿಟ್ ವ್ಯವಸ್ಥೆಯನ್ನು ಹಾಕಿಕೊಡಲಾಗಿತ್ತು. ಲಿನಕ್ಸಿನ ಟರ್ಮಿನಲ್ಲಿನಲ್ಲಿ ಎಲ್‌ಎಸ್‌ಸಿಪಿಯು (lscpu) ಎಂಬ ಆಜ್ಞೆಯನ್ನು ಕೊಟ್ಟರೆ ಉತ್ತರದ ಮೊದಲ ಸಾಲುಗಳಲ್ಲಿಯೇ 64 ಬಿಟ್ ಉಂಟೋ ಇಲ್ಲವೋ ಗೊತ್ತಾಗುತ್ತದೆ. ಗುಜರಿಗೆ ಹಾಕುವ ಮುನ್ನ ಅಷ್ಟನ್ನು ನೋಡಿ. ಉಂಟೆಂದಾದರೆ ಡೆಬಿಯನ್ 13ರ 64 ಬಿಟ್ ಪ್ರತಿಯನ್ನು ಎಕ್ಸ್‌ಎಫ್‌ಸಿಇಯಂತಹ ಹಗುರವಾದ ಡೆಸ್ಕ್‌ಟಾಪಿನೊಡನೆ ಹಾಕಿಸಿ.