ಅಂತರ್ಜಾಲ ಮಳಿಗೆ: ಸಣ್ಣ ವರ್ತಕರು ವೇದಿಕೆಯನ್ನು ಆಯ್ಕೆ ಮಾಡುವ ಬಗೆ

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲಿ ಉದ್ಘಾಟನೆಗೊಂಡಿತು. ಮದ್ದೂರು ಮತ್ತು ಮಂಡ್ಯ ಪಟ್ಟಣಗಳನ್ನು ಬಳಸಿಕೊಂಡು ಹೋಗುವ ಬೈಪಾಸ್ ರಸ್ತೆಗಳಾದವು. ಪ್ರಯಾಣದ ಅವಧಿ ತಗ್ಗಿತು, ನಿಜ. ಆದರೆ ಹಳೆಯ ರಸ್ತೆಯ ಬದಿಯಲ್ಲಿ ವಾಹನ ನಿಲ್ಲಿಸಿ ವಡೆ, ಬೆಲ್ಲ, ಎಳನೀರು ಕೊಳ್ಳುತ್ತಿದ್ದ ದಾರಿಹೋಕ ಗ್ರಾಹಕನು ಊರೊಳಗೆ ಬಾರದಂತಾದನು. ಹೀಗೆ ಕೈತಪ್ಪಿದ ಗಿರಾಕಿಯನ್ನು ಅಂತರ್ಜಾಲದಲ್ಲಿ ಹಿಡಿಯಬಹುದೇ ಎಂಬ ಯೋಚನೆ ಅನೇಕ ವರ್ತಕರಿಗೆ ಬಂದಿರುವುದು ಸಹಜ. ಆ ಯೋಚನೆಯ ಬೆನ್ನಿಗೇ ಬರುವ ಪ್ರಶ್ನೆ, ಯಾವ ವೇದಿಕೆಯಲ್ಲಿ ಅಂಗಡಿ ತೆರೆಯಬೇಕು ಎಂಬುದು. ವಾಸ್ತವವಾಗಿ ಇದು ಎರಡನೆಯ ಪ್ರಶ್ನೆ. ಮಾರುವ ಸರಕಿನ ತೂಕವೆಷ್ಟು, ಗಾತ್ರವೆಷ್ಟು, ಅದು ಎಷ್ಟು ದಿನ ಬಾಳುತ್ತದೆ ಎಂಬುದು ಮೊದಲನೆಯದು.

ಲಭ್ಯವಿರುವ ವೇದಿಕೆಗಳನ್ನು ಸ್ಥೂಲವಾಗಿ ನಾಲ್ಕಾಗಿ ವಿಂಗಡಿಸಬಹುದು. 2007ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಫ್ಲಿಪ್‌ಕಾರ್ಟ್, 2013ರಲ್ಲಿ ಭಾರತದಲ್ಲಿ ವ್ಯವಹಾರ ತೆರೆದ ಅಮೆಜಾನ್, 2015ರ ಮೀಶೋ ಇವು ಸಂತೆ ಇದ್ದ ಹಾಗೆ. ಜನ ತಾವಾಗಿಯೇ ಬಂದಿರುತ್ತಾರೆ, ಆದರೆ ಸುಂಕ ಕೊಡಬೇಕು, ಪಕ್ಕದಲ್ಲೇ ಅದೇ ಸರಕಿನ ಹತ್ತು ಮಂದಿ ಕುಳಿತಿರುತ್ತಾರೆ. ಶಾಪಿಫೈ, ಇನ್‌ಸ್ಟಾಮೋಜೋದಂಥವು ಬಾಡಿಗೆ ಮಳಿಗೆಗಳು. ಹೆಸರು ವರ್ತಕನದೇ ಆದರೂ ಗಿರಾಕಿಯನ್ನು ಆತನೇ ಕರೆತರಬೇಕು. ವರ್ಡ್‌ಪ್ರೆಸ್ ಮೇಲೆ ನಡೆಯುವ ವೂಕಾಮರ್ಸ್ ಸ್ವಂತ ಕಟ್ಟಡದಂತೆ; ತಂತ್ರಾಂಶ ಉಚಿತ, ದುರಸ್ತಿ ಮಾತ್ರ ಮಾಲೀಕನ ತಲೆಗೆ. ನಾಲ್ಕನೆಯದು ಕೇಂದ್ರ ಸರ್ಕಾರದ ಉಪಕ್ರಮವಾಗಿ 2021ರ ಡಿಸೆಂಬರ್‌ನಲ್ಲಿ ಸ್ಥಾಪನೆಯಾದ ಓ.ಎನ್.ಡಿ.ಸಿ. ಜಾಲ. ಇಲ್ಲಿ ಒಂದು ಮಾರಾಟ ಆ್ಯಪ್‌ನಲ್ಲಿ ಸರಕು ನಮೂದಿಸಿದರೆ ಜಾಲಕ್ಕೆ ಸೇರಿದ ಬೇರೆ ಬೇರೆ ಖರೀದಿ ಆ್ಯಪ್‌ಗಳಲ್ಲಿ ಅದು ಕಾಣಿಸಿಕೊಳ್ಳಬಲ್ಲುದು.

ಬೆಲ್ಲದ ಲೆಕ್ಕ

'ಒಂದು ಜಿಲ್ಲೆ ಒಂದು ಉತ್ಪನ್ನ' ಯೋಜನೆಯಲ್ಲಿ ಮಂಡ್ಯಕ್ಕೆ ನಿಗದಿಯಾದದ್ದು ಬೆಲ್ಲ. ಆಲೆಮನೆಯ ಅಚ್ಚುಬೆಲ್ಲಕ್ಕೆ ದೂರದ ಊರುಗಳಲ್ಲಿಯೂ ಬೇಡಿಕೆಯಿದೆ. ಆದರೆ ಬೆಲ್ಲವು ಭಾರದ ಸರಕು, ಬೆಲೆ ಕಡಿಮೆ. ಈ ಎರಡರ ನಡುವೆಯೇ ಅನೇಕರ ಲಾಭ ಕರಗುತ್ತದೆ.

ಲೆಕ್ಕದ ಅನುಕೂಲಕ್ಕಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಹಾಕಿಕೊಳ್ಳಬಹುದು. ಒಂದು ಕಿಲೋ ಬೆಲ್ಲದ ಅಸಲು 60 ರೂ., ಪ್ಯಾಕಿಂಗ್ 20 ರೂ., ಮಾರಾಟ ಬೆಲೆ 180 ರೂ. ಎಂದಿಟ್ಟುಕೊಂಡರೆ, ಅದರಲ್ಲಿ ಜಿ.ಎಸ್.ಟಿ. ಸುಮಾರು 9 ರೂ., ಮಾರುಕಟ್ಟೆ ವೇದಿಕೆಯ ಕಮಿಷನ್ ಮತ್ತಿತರ ಶುಲ್ಕ 30 ರೂ., ಸಾಗಣೆ 70 ರೂ. ಕಳೆದು ಕೈಗೆ ಬರುವುದು 71 ರೂ. ತಗುಲಿದ ಖರ್ಚು 80 ರೂ. ಅಂದರೆ ಪ್ರತಿ ಮಾರಾಟಕ್ಕೂ 9 ರೂ. ನಷ್ಟ. ಅದೇ ಬೆಲ್ಲವನ್ನು ಮೂರು ಕಿಲೋ ಕಟ್ಟಾಗಿ 480 ರೂ.ಗೆ ಮಾರಿದರೆ, ಜಿ.ಎಸ್.ಟಿ. 23, ಶುಲ್ಕ 55, ಸಾಗಣೆ 120 ಹೋಗಿ 282 ರೂ. ಉಳಿಯುತ್ತದೆ. ಅಸಲು 180, ಪ್ಯಾಕಿಂಗ್ 35 ಕಳೆದರೆ ಲಾಭ 67 ರೂ. ವೇದಿಕೆ ಬದಲಾಗಲಿಲ್ಲ, ಕಟ್ಟು ಮಾತ್ರ ಬದಲಾಯಿತು.

ಇದೇ ಮೂರು ಕಿಲೋ ಕಟ್ಟನ್ನು ಬಾಡಿಗೆ ಮಳಿಗೆಯಲ್ಲಿ ಮಾರಿದರೆ ಕಮಿಷನ್ ಇಲ್ಲ. ಹಣ ಪಾವತಿ ಸೇವೆಗೆ 12 ರೂ. ಸಾಕು. ಆದರೆ ಬಿಡಿ ಗಿರಾಕಿಗೆ ಕೊರಿಯರ್ ದರ ಹೆಚ್ಚು, 150 ರೂ. ಎನ್ನೋಣ. ಲಾಭ 80 ರೂ. ಆಗುತ್ತದೆ, ಮೊದಲಿಗಿಂತ 13 ರೂ. ಅಧಿಕ. ಮಳಿಗೆಯ ತಿಂಗಳ ಬಾಡಿಗೆ 1,500 ರೂ. ಇದ್ದಲ್ಲಿ, ಆ ಹದಿಮೂರು ರೂಪಾಯಿಗಳಿಂದ ಬಾಡಿಗೆ ಹುಟ್ಟಲು ತಿಂಗಳಿಗೆ 116 ಪಾರ್ಸೆಲ್ ಹೋಗಬೇಕು. ಜಾಹೀರಾತಿನ ಖರ್ಚು ಇನ್ನೂ ಸೇರಿಲ್ಲ. ತಿಂಗಳಿಗೆ ಮೂವತ್ತು ಪಾರ್ಸೆಲ್ ಕಳುಹಿಸುವವರಿಗೆ 'ಕಮಿಷನ್ ಇಲ್ಲ' ಎಂಬ ಮಾತು ದುಬಾರಿಯಾಗಿ ಪರಿಣಮಿಸುವುದು ಹೀಗೆ.

ಕೊರಿಯರ್‌ಗಳು ಸಾಮಾನ್ಯವಾಗಿ ಅರ್ಧ ಕಿಲೋ ಹಂತಗಳಲ್ಲಿ ದರ ಹಾಕುತ್ತವೆ. ಒಂದು ಕಿಲೋ ಬೆಲ್ಲ ರಟ್ಟಿನ ಪೆಟ್ಟಿಗೆ ಸೇರಿ 1,100 ಗ್ರಾಂ ಆದೊಡನೆ ಒಂದೂವರೆ ಕಿಲೋ ದರ ಬೀಳುತ್ತದೆ. 900 ಗ್ರಾಂ ಕಟ್ಟಿದರೆ ಆ ತೊಂದರೆಯಿಲ್ಲ. ನಿವ್ವಳ ತೂಕವನ್ನು ಸ್ಪಷ್ಟವಾಗಿ ನಮೂದಿಸಿ, ಗ್ರಾಂ ಒಂದರ ದರವನ್ನೂ ಮುದ್ರಿಸಬೇಕು.

'ಸರಕು ತಲುಪಿದಾಗ ಹಣ' ಎಂಬ ಸೌಲಭ್ಯದ ಬಗ್ಗೆಯೂ ಎಚ್ಚರ ಅಗತ್ಯ. ಮೇಲಿನ ಮಾರುಕಟ್ಟೆ ವೇದಿಕೆಯ ಲೆಕ್ಕದಂತೆ ಹತ್ತು ಕಟ್ಟುಗಳಿಗೆ ಲಾಭ 670 ರೂ. ಒಂದೇ ಒಂದು ಕಟ್ಟು ನಿರಾಕರಣೆಯಾಗಿ ಹಿಂದಿರುಗಿ, ಎರಡೂ ಕಡೆಯ ಸಾಗಣೆ ವರ್ತಕನ ಮೇಲೆ ಬಿದ್ದರೆ, ಒಂಬತ್ತರ ಲಾಭ 603 ರೂ.ಗಳಲ್ಲಿ 240 ಸಾಗಣೆಗೆ, 35 ಪ್ಯಾಕಿಂಗ್‌ಗೆ ಹೋಗಿ 328 ರೂ. ಉಳಿಯುತ್ತದೆ. ಲಾಭ ಅರ್ಧಕ್ಕಿಳಿಯಿತು. ಹಿಂದಿರುಗಿದ ಸರಕಿನ ಖರ್ಚನ್ನು ಯಾರು ಭರಿಸಬೇಕೆಂಬ ನಿಯಮವನ್ನು ಕಮಿಷನ್ ದರಕ್ಕಿಂತ ಮೊದಲು ಓದುವುದು ಒಳಿತು.

ಬಣ್ಣದ ವಿಷಯವೂ ಉಂಟು. ಪರದೆಯ ಮೇಲೆ ಹಳದಿ ಬೆಲ್ಲವೇ ಮೊದಲು ಕಣ್ಣಿಗೆ ಬೀಳುವುದು. ರಾಸಾಯನಿಕ ಬಳಸದೆ ತಯಾರಿಸಿದ ಕಂದು ಬೆಲ್ಲವನ್ನು ಮಾರುವವರಿಗೆ ಅದು ಏಕೆ ಕಂದು ಎಂದು ವಿವರಿಸುವ ಜಾಗ ಬೇಕು. ಅಂಥವರಿಗೆ ಸಂತೆಗಿಂತ ಸ್ವಂತ ಪುಟವೇ ಲೇಸು.

ವಡೆಯ ಪಾಡು ಬೇರೆ

ಮದ್ದೂರು ವಡೆ ಹಗುರ, ಆದರೆ ಜಾಗ ತಿನ್ನುತ್ತದೆ, ಮುರಿಯುತ್ತದೆ. ಕೊರಿಯರ್‌ನವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ಗಳಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿ 'ಗಾತ್ರದ ತೂಕ' ಕಂಡುಹಿಡಿಯುತ್ತಾರೆ. ನಿಜವಾದ ತೂಕ, ಗಾತ್ರದ ತೂಕ ಇವುಗಳಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. 30, 20, 15 ಸೆಂ.ಮೀ. ಪೆಟ್ಟಿಗೆಯಲ್ಲಿ ಅರ್ಧ ಕಿಲೋ ವಡೆಯಿದ್ದರೂ ಅದು 1.8 ಕಿಲೋ ಎನಿಸಿಕೊಂಡು ಎರಡು ಕಿಲೋ ದರ ತೆರುತ್ತದೆ. ವೇದಿಕೆ ಹುಡುಕುವ ಮುನ್ನ ಪೆಟ್ಟಿಗೆ ಮಾಡುವವರ ಬಳಿ ಕುಳಿತುಕೊಳ್ಳುವುದು ಹೆಚ್ಚು ಲಾಭದಾಯಕ.

ಇದರ ಜೊತೆಗೆ, ವಿತರಣೆಯ ವೇಳೆಗೆ ಆಹಾರ ಪದಾರ್ಥದ ಬಾಳಿಕೆಯಲ್ಲಿ ಶೇ. 30 ಭಾಗ ಅಥವಾ ಅವಧಿ ಮುಗಿಯಲು 45 ದಿನ ಉಳಿದಿರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2024ರ ನವೆಂಬರ್‌ನಲ್ಲಿ ಇ-ವಾಣಿಜ್ಯ ಸಂಸ್ಥೆಗಳಿಗೆ ಸೂಚಿಸಿತು. ಹದಿನೈದು ದಿನ ಬಾಳುವ ವಡೆಯನ್ನು ವೇದಿಕೆಯ ಗೋದಾಮಿನಲ್ಲಿ ಇಟ್ಟು ಮಾರುವುದು ಆಗದ ಮಾತು. ಆದ್ದರಿಂದ ಮುಂಗಡ ಬೇಡಿಕೆ ಪಡೆದು, ವಾರದ ಗೊತ್ತಾದ ದಿನಗಳಲ್ಲಿ ಕರಿದು, ಅಂದೇ ಬೆಂಗಳೂರು, ಮೈಸೂರುಗಳಿಗೆ ರವಾನಿಸುವ ಕ್ರಮವೇ ಸೂಕ್ತ. ಇದಕ್ಕೆ ಜಾಲತಾಣವೂ ಅನಿವಾರ್ಯವಲ್ಲ. ವಾಟ್ಸ್‌ಆ್ಯಪ್ ಬಿಸಿನೆಸ್‌ನ ಸರಕುಪಟ್ಟಿ ಮತ್ತು ಯು.ಪಿ.ಐ. ಸಂಕೇತ, ಇವೆರಡರಿಂದಲೇ ಆರಂಭಿಸಬಹುದು.

ಮಳವಳ್ಳಿಯಲ್ಲಿ ರಾಗಿ ಹುರಿಹಿಟ್ಟು ತಯಾರಿಸುವ ಘಟಕವೊಂದಿದ್ದರೆ ಅದರ ಸ್ಥಿತಿ ಇವೆರಡಕ್ಕಿಂತ ಸಲೀಸು. ಹುರಿಹಿಟ್ಟು ಮುರಿಯದು, ತಿಂಗಳುಗಟ್ಟಲೆ ಬಾಳುತ್ತದೆ, ಅರ್ಧ ಕಿಲೋ ಹಂತಕ್ಕೆ ಹೊಂದುತ್ತದೆ. ಮಾರುಕಟ್ಟೆ ವೇದಿಕೆಗೆ ಧಾರಾಳವಾಗಿ ಹೋಗಬಹುದು.

ಕಾನೂನಿನ ಮಿತಿ

ರಾಜ್ಯದೊಳಗೆ ಸರಕು ಮಾರುವವರಿಗೆ 40 ಲಕ್ಷ ರೂ. ವಹಿವಾಟಿನವರೆಗೆ ಜಿ.ಎಸ್.ಟಿ. ನೋಂದಣಿ ಕಡ್ಡಾಯವಲ್ಲ. ಅಂಥವರು 2023ರ ಅಕ್ಟೋಬರ್ 1ರಿಂದ, ಪೋರ್ಟಲ್‌ನಲ್ಲಿ ದಾಖಲಾತಿ ಸಂಖ್ಯೆ ಪಡೆದು, ಮಾರುಕಟ್ಟೆ ವೇದಿಕೆಗಳ ಮೂಲಕ ತಮ್ಮ ರಾಜ್ಯದೊಳಗೆ ಮಾತ್ರ ಮಾರಬಹುದಾಗಿದೆ. ತೆರಿಗೆಗೆ ಒಳಪಡುವ ಸರಕನ್ನು ಹೊಸೂರಿಗೋ ಚೆನ್ನೈಗೋ ಕಳುಹಿಸುವುದಾದರೆ ನೋಂದಣಿ ಬೇಕು. ಬಿಡಿ ಬೆಲ್ಲಕ್ಕೆ ತೆರಿಗೆಯಿಲ್ಲ. ಚೀಟಿ ಅಂಟಿಸಿದ ಪೊಟ್ಟಣದ ಬೆಲ್ಲಕ್ಕೆ 2022ರ ಜುಲೈ 18ರಿಂದ ಶೇ. 5 ತೆರಿಗೆ ಬಂದಿದೆ. ನೋಂದಾಯಿತ ವರ್ತಕರ ಹಣದಿಂದ ವೇದಿಕೆಯು ಮುರಿದುಕೊಳ್ಳುವ ಜಿ.ಎಸ್.ಟಿ. ಮೊತ್ತವು 2024ರ ಜುಲೈ 10ರಿಂದ ಶೇ. 0.5 ಆಗಿದೆ. ಅದು ಖರ್ಚಲ್ಲ, ಖಾತೆಗೆ ಜಮೆಯಾಗುತ್ತದೆ.

ಸ್ವಂತ ಜಾಲತಾಣ ನಡೆಸುವವರು 2020ರ ಇ-ವಾಣಿಜ್ಯ ನಿಯಮಗಳಂತೆ ದೂರು ಸ್ವೀಕರಿಸುವ ಅಧಿಕಾರಿಯ ಹೆಸರು, ವಿಳಾಸ ಪ್ರಕಟಿಸಿ, ದೂರಿಗೆ 48 ಗಂಟೆಗಳೊಳಗೆ ಸ್ವೀಕೃತಿ ನೀಡಬೇಕು. ಸಣ್ಣ ಅಂಗಡಿಯಲ್ಲಿ ಆ ಅಧಿಕಾರಿ ಮಾಲೀಕನೇ.

ಗಿರಾಕಿ ಯಾರ ಸ್ವತ್ತು?

ಬಾಜೀ ಡಾಟ್ ಕಾಮ್ ಅನ್ನು 2004ರಲ್ಲಿ ಕೊಂಡು ಬೆಳೆದ ಇ-ಬೇ ಇಂಡಿಯಾ ತಾಣವು 2018ರ ಆಗಸ್ಟ್‌ನಲ್ಲಿ ಮುಚ್ಚಿತು. ಗೂಗಲ್ ಸಣ್ಣ ಉದ್ಯಮಗಳಿಗೆ ಉಚಿತವಾಗಿ ಒದಗಿಸಿದ್ದ ಜಾಲಪುಟಗಳನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ವೇದಿಕೆಯೊಳಗೆ ಗಳಿಸಿದ ಒಳ್ಳೆಯ ಹೆಸರು ವೇದಿಕೆಯೊಡನೆಯೇ ಹೋಗುತ್ತದೆ. ಆದುದರಿಂದ ಯಾವ ವೇದಿಕೆಯಾದರೂ ಸರಿ, ಜಾಲತಾಣದ ಹೆಸರನ್ನು, ಅಂದರೆ ಡೊಮೇನ್ ಅನ್ನು, ತಾಣ ಕಟ್ಟಿಕೊಟ್ಟ ಹುಡುಗನ ಹೆಸರಿನಲ್ಲಲ್ಲ, ಅಂಗಡಿ ಮಾಲೀಕನ ಹೆಸರಿನಲ್ಲಿಯೇ ನೋಂದಾಯಿಸಬೇಕು. ಬಾಡಿಗೆ ಮಳಿಗೆಯವರು ಗ್ರಾಹಕರ ಪಟ್ಟಿಯನ್ನು ಕಡತವಾಗಿ ಇಳಿಸಿಕೊಳ್ಳಲು ಬಿಡುತ್ತಾರೆಯೇ ಎಂದು ಹಣ ಕಟ್ಟುವ ಮೊದಲೇ ಪರೀಕ್ಷಿಸಬೇಕು. ಮಾರುಕಟ್ಟೆ ವೇದಿಕೆಗಳಲ್ಲಿ ಆ ಪಟ್ಟಿ ವರ್ತಕನಿಗೆ ದಕ್ಕುವುದಿಲ್ಲ. ಹೊಸ ಗಿರಾಕಿಯನ್ನು ಸಂತೆಯಲ್ಲಿ ಹುಡುಕಿ, ಹಳೆಯ ಗಿರಾಕಿಗೆ ನೇರವಾಗಿ ಮಾರುವುದು ಈಗಿನ ಸ್ಥಿತಿಯಲ್ಲಿ ಸಮಂಜಸ ಮಾರ್ಗ.

ಆರಂಭಕ್ಕೆ ಸಂಕ್ರಾಂತಿಯ ಎಳ್ಳು-ಬೆಲ್ಲದ ಕಾಲ ತಕ್ಕದ್ದು. ಅದಕ್ಕೆ ಒಂದು ತಿಂಗಳು ಮೊದಲೇ ಹುಬ್ಬಳ್ಳಿ, ಮಂಗಳೂರು, ಬೆಂಗಳೂರುಗಳಲ್ಲಿರುವ ಪರಿಚಿತರ ಮನೆಗಳಿಗೆ ಐದಾರು ಪಾರ್ಸೆಲ್ ಕಳುಹಿಸಿ, ತಲುಪಿದ ದಿನ, ಕೊರಿಯರ್ ಹಾಕಿದ ತೂಕ, ಪೆಟ್ಟಿಗೆ ತೆರೆದಾಗಿನ ಚಿತ್ರ ಇವನ್ನು ತರಿಸಿಕೊಳ್ಳಬೇಕು. ಬೆಲ್ಲದ ವರ್ತಕರು ಇದೇ ಪ್ರಯೋಗವನ್ನು ಆಷಾಢದ ಮಳೆಯಲ್ಲಿ ಮತ್ತೊಮ್ಮೆ ಮಾಡತಕ್ಕದ್ದು. ಬೆಲ್ಲ ಬೆವರುವುದು ಆಗಲೇ.