ಮಾಂಜ್ರಾ ಮಡುವಿನ ಕಳ್ಳಬಲೆ

ಬೀದರಿನ ಜನರಿಗೆ ಕಡಲು ಬಹು ದೂರದ ಮಾತು. ಕೋಟೆಯ ಬುರುಜಿನ ಮೇಲೆ ನಿಂತು ನೋಡಿದವರಿಗೆ ಕಾಣುವುದು ಕೆಳಗೆ ಹರಡಿದ ಬಯಲು, ಹೊಲಗದ್ದೆಗಳು, ಅವುಗಳಾಚೆ ಮಾಂಜ್ರಾ ನದಿಯ ಕಣಿವೆ. ಅಲ್ಲಿ ತೆರೆಯಿಲ್ಲ, ಹಡಗಿಲ್ಲ. ಆದರೂ ಕಡಲತೀರದವರನ್ನು ಕಾಡುವ ಪ್ರಶ್ನೆಯೊಂದು ಈ ಒಳನಾಡಿಗೂ ತಪ್ಪಿದ್ದಲ್ಲ. ಹೊಲಕ್ಕೆ ಬೇಲಿ ಹಾಕಬಹುದು. ಕಾಡಿಗೆ ಗಡಿಗಲ್ಲು ನೆಡಬಹುದು. ಹರಿಯುವ ನೀರಿಗೆ ಬೇಲಿ ಕಟ್ಟುವುದೆಂತು? ಬೇಲಿಯಿಲ್ಲದ ಆ ಸಂಪತ್ತನ್ನು ಇರುಳಿನಲ್ಲಿ ಸೂರೆಗೈಯುವವರನ್ನು ತಡೆಯುವುದೆಂತು?

ನದಿ ಒಂದು, ರಾಜ್ಯ ಮೂರು

ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟುವ ಮಾಂಜ್ರಾ, ಲಾತೂರು ಸೀಮೆಯನ್ನು ದಾಟಿ ಕರ್ನಾಟಕವನ್ನು ಪ್ರವೇಶಿಸುತ್ತದೆ. ಭಾಲ್ಕಿ, ಔರಾದ, ಬೀದರ ತಾಲ್ಲೂಕುಗಳ ನೆಲವನ್ನು ತೋಯಿಸುತ್ತದೆ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಜಲಾಶಯವಾಗಿ ನಿಂತಿರುವ ಕಾರಂಜಾ ಇದರ ಉಪನದಿಯೇ. ಮುಂದೆ ತೆಲಂಗಾಣಕ್ಕೆ ಇಳಿದು, ಸಿಂಗೂರು ಅಣೆಕಟ್ಟನ್ನು ಹಾಯ್ದು, ಸಂಗಾರೆಡ್ಡಿಯ ಬಳಿ ಉತ್ತರಕ್ಕೆ ತಿರುಗಿ, ಕಡೆಗೆ ಕಂದಕುರ್ತಿಯಲ್ಲಿ ಗೋದಾವರಿಯನ್ನು ಸೇರುತ್ತದೆ.

ಸಿಂಗೂರಿನ ಕೆಳಗೆ, ಹೈದರಾಬಾದು ನಗರಕ್ಕೆ ಕುಡಿಯುವ ನೀರೊದಗಿಸಿದ ಮಂಜೀರಾ ಬ್ಯಾರೇಜಿನವರೆಗಿನ ಪಾತ್ರವನ್ನು ೧೯೭೮ರಲ್ಲಿ ವನ್ಯಜೀವಿ ಧಾಮವೆಂದು ಸಾರಲಾಯಿತು. ಅದು ಮೊಸಳೆಗಳ ನೆಲೆ, ನೀರುಹಕ್ಕಿಗಳ ತವರು. ಬೀದರಿನವರಿಗೆ ಅದು ಪರನಾಡೂ ಅಲ್ಲ. ೧೯೫೬ರಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾಗುವ ತನಕ ನೆರೆಯ ಜಹೀರಾಬಾದು, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿಯೇ ಇದ್ದವು. ಮನುಷ್ಯರು ಗೆರೆ ಎಳೆದರು. ಮೀನು ಆ ಗೆರೆಯನ್ನು ಅರಿಯದು.

ಸದ್ದಿನ ಬೇಟೆ

ಬೀಸುಬಲೆಯೂ ಗಾಳವೂ ನದಿಗೆ ಹೊಸತಲ್ಲ. ನದಿಯನ್ನು ಕೆಡಿಸುವುದು ಆತುರದ ಬೇಟೆ. ಸಿಡಿಮದ್ದನ್ನು ಮಡುವಿಗೆ ಎಸೆದರೆ ಅದರ ಆಘಾತಕ್ಕೆ ಮೀನಿನ ಒಡಲಿನ ಗಾಳಿಚೀಲವೇ ಒಡೆಯುತ್ತದೆ. ಸತ್ತವುಗಳಲ್ಲಿ ತೇಲಿ ಕೈಗೆ ಸಿಗುವವು ಕೆಲವು ಮಾತ್ರ. ಉಳಿದವು ತಳ ಸೇರಿ ಕೊಳೆಯುತ್ತವೆ. ವಿಷ ಬೆರೆಸಿದರೆ ಮೀನಿನೊಡನೆ ಸಿಗಡಿ, ಏಡಿ, ಮರಿಗಳೆಲ್ಲ ಸಾಯುತ್ತವೆ. ಆ ನೀರನ್ನೇ ದನವೂ ಜನವೂ ಕುಡಿಯಬೇಕು. ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆಯಾದರೋ ಮುಂದಿನ ವರ್ಷದ ಮೀನನ್ನು ಇಂದೇ ಬಾಚಿಬಿಡುತ್ತದೆ.

ಈ ಕೇಡು ಇಂದಿನದಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ, ೧೮೯೭ರಷ್ಟು ಹಿಂದೆಯೇ, ಸಿಡಿಮದ್ದು ಮತ್ತು ವಿಷದಿಂದ ಮೀನು ಕೊಲ್ಲುವುದನ್ನು ಅಪರಾಧವೆಂದು ಕಾಯಿದೆ ಸಾರಿತ್ತು. ಕರ್ನಾಟಕದ ಒಳನಾಡು ಮೀನುಗಾರಿಕೆಗೆ ೧೯೯೬ರ ಪ್ರತ್ಯೇಕ ಕಾಯಿದೆಯಿದೆ. ವನ್ಯಜೀವಿ ಧಾಮಕ್ಕಂತೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಕಾವಲು. ಕಾಯಿದೆಗೆ ಕೊರತೆಯಿಲ್ಲ, ನಡುರಾತ್ರಿಯ ಕತ್ತಲೆಯಲ್ಲಿ ಉದ್ದವಾದ ದಡವನ್ನು ಕಾಯುವ ಕಣ್ಣುಗಳಿಗೆ ಕೊರತೆ.

ಮೊಟ್ಟೆಯ ಲೆಕ್ಕ

ಮೊದಲ ಮಳೆಯ ಕೆನ್ನೀರು ಇಳಿದುಬಂದೊಡನೆ ಮೀನುಗಳು ಪ್ರವಾಹಕ್ಕೆ ಎದುರೀಜುತ್ತವೆ. ಅದು ಅವುಗಳ ಬಸಿರಿನ ಕಾಲ. ಒಂದು ಹೆಣ್ಣು ರೋಹುವಿನ ಒಡಲಿನಲ್ಲಿ ಲಕ್ಷಗಟ್ಟಲೆ ಮೊಟ್ಟೆಗಳಿರುತ್ತವೆ. ಹಿಡಿಯಲು ಅತಿ ಸುಲಭವಾದ ಕಾಲವೂ ಅದೇ. ಆ ಒಂದು ಮೀನು ಸಂತೆಯಲ್ಲಿ ಒಂದು ಮನೆಯ ಸಾರಾಗಬಹುದು. ನೀರಿನಲ್ಲಿ ಉಳಿದರೆ ಒಂದು ಮಡುವನ್ನೇ ತುಂಬಬಹುದು.

ರೋಹು, ಕಾಟ್ಲಾಗಳು ಕೆರೆಯ ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮೊಟ್ಟೆಯಿಡವು. ೧೯೫೭ರ ಜುಲೈ ೧೦ರಂದು ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಅವುಗಳ ಜಾತಿಯ ಮೀನನ್ನು ಮೊಟ್ಟೆಯಿಡುವಂತೆ ಮಾಡಿದರು. ಆ ದಿನವನ್ನು ದೇಶವು ಮೀನು ಕೃಷಿಕರ ದಿನವೆಂದು ಆಚರಿಸುತ್ತಿದೆ. ಕೆರೆಗಳಿಗೆ ಮರಿ ಬಿಡುವುದು ಅಂದಿನಿಂದ ಸುಲಭವಾಯಿತು. ಆದರೆ ನದಿಯ ಕಾಡುಮೀನಿಗೆ ಯಾವ ಚುಚ್ಚುಮದ್ದೂ ಇಲ್ಲ; ಅದಕ್ಕೆ ಬೇಕಾದುದು ಮಳೆಗಾಲದ ಕೆಲವು ವಾರಗಳ ನೆಮ್ಮದಿ.

ಇನ್ನು ಮೊಸಳೆಯ ಮಾತು. ಹೆಣ್ಣು ಮೊಸಳೆ ದಡದ ಮರಳಿನಲ್ಲಿ ಗುಳಿ ತೋಡಿ ಮೊಟ್ಟೆಯಿಡುತ್ತದೆ. ನೀರಿನಲ್ಲಿ ಬಾಳಿದರೂ ಅದು ಉಸಿರಾಡುವುದು ಗಾಳಿಯನ್ನು. ರಾತ್ರಿ ಕಟ್ಟಿಟ್ಟ ಬಲೆಯಲ್ಲಿ ಸಿಕ್ಕಿ ಮೇಲೆ ಬರಲಾಗದೆ ಹೋದರೆ, ನೀರಿನ ಅರಸನೇ ನೀರಿನಲ್ಲಿ ಮುಳುಗಿ ಸಾಯುತ್ತಾನೆ! ಅಳಿವಿನಂಚಿಗೆ ಬಂದಿದ್ದ ಮೊಸಳೆಗಳನ್ನು ಉಳಿಸಲು ೧೯೭೫ರಲ್ಲಿ ದೇಶವು ಕೈಗೊಂಡ ಪ್ರಯತ್ನವನ್ನು ಒಂದು ಕಳ್ಳಬಲೆ ಒಂದೇ ಇರುಳಿನಲ್ಲಿ ಅಣಕಿಸುತ್ತದೆ.

ಕಡಲಿನಲ್ಲಿಯೂ ಇದೇ ಕಥೆ

ಗುಜರಾತಿನ ಕಚ್ಛ್ ಕೊಲ್ಲಿಯಲ್ಲಿ ೧೯೮೨ರಲ್ಲಿಯೂ ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ೧೯೮೬ರಲ್ಲಿಯೂ ಕಡಲ ರಾಷ್ಟ್ರೀಯ ಉದ್ಯಾನಗಳು ಏರ್ಪಟ್ಟವು. ಮನ್ನಾರಿನಲ್ಲಿ ೨೧ ದ್ವೀಪಗಳು, ಅವುಗಳ ಸುತ್ತ ಹವಳದ ದಿಬ್ಬಗಳು. ಕಡಲಸೌತೆ ಎಂಬ ಜೀವಿಯನ್ನು ಹಿಡಿಯುವುದು ೨೦೦೧ರಿಂದ ನಿಷಿದ್ಧ. ಪರದೇಶದಲ್ಲಿ ಅದಕ್ಕಿರುವ ಬೆಲೆ ಕಳ್ಳಬೇಟೆಯನ್ನು ನಿಲ್ಲಗೊಡದು. ನೀರು ಉಪ್ಪಾದರೇನು, ಸಿಹಿಯಾದರೇನು, ಆಸೆಯ ರುಚಿ ಒಂದೇ.

ಬಲೆಗಾರನ ಪಾಡು

ಹಾಗೆಂದು ಬಲೆ ಹಿಡಿದವರೆಲ್ಲ ಕಳ್ಳರೆನ್ನುವುದು ಅನ್ಯಾಯ. ಈ ಸೀಮೆಯಲ್ಲಿ ಮಳೆ ನಂಬುವಂಥದಲ್ಲ. ೨೦೧೬ರ ಬರದಲ್ಲಿ ಲಾತೂರು ಪಟ್ಟಣಕ್ಕೆ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರು ಸಾಗಿಸಬೇಕಾಯಿತು. ಮಾಂಜ್ರಾ ಅಷ್ಟರಮಟ್ಟಿಗೆ ಬತ್ತಿತ್ತು. ನದಿ ಮಡುಗಳಾಗಿ ಒಡೆದಾಗ ಮೀನೂ ಮೊಸಳೆಯೂ ಮನುಷ್ಯನೂ ಅದೇ ಮಡುವಿಗೆ ಬರುತ್ತಾರೆ. ಹೊಲ ಒಣಗಿದವನಿಗೆ, ಮನೆಯಲ್ಲಿ ಒಲೆ ಉರಿಯದವನಿಗೆ, ಧಾಮದ ಫಲಕವನ್ನು ಓದುವ ವ್ಯವಧಾನವೆಲ್ಲಿ? ಕೆರೆಗಳ ಗುತ್ತಿಗೆ ನಿಜವಾದ ಮೀನುಗಾರರ ಸಹಕಾರ ಸಂಘಗಳಿಗೆ ದೊರೆತು, ಮರಿಗಳು ಕಾಲಕ್ಕೆ ಸರಿಯಾಗಿ ಬಂದರೆ, ಅವನು ನಿಷಿದ್ಧ ನೀರಿಗೆ ಇಳಿಯಬೇಕಾದ ಅಗತ್ಯವೇ ತಗ್ಗುವುದು. ಸಿಡಿಮದ್ದಿನವನನ್ನು ಮೊದಲು ಗುರುತಿಸಬಲ್ಲವನೂ ಅವನೇ. ಮಡು ಬರಿದಾದರೆ ಮೊದಲು ಹಸಿಯುವವನೂ ಅವನೇ.

ಕಲ್ಯಾಣದ ಶರಣರ ನಡುವೆ ಅಂಬಿಗರ ಚೌಡಯ್ಯನೂ ಇದ್ದನು. ಹುಟ್ಟುಹಾಕುವ ಕೈಗೆ ಅಂದು ಆ ಸೀಮೆಯಲ್ಲಿ ಗೌರವದ ಸ್ಥಾನವಿತ್ತು. ಬಸುರಿ ಮೀನು ಬಲೆಗೆ ಬಿದ್ದರೆ ಅದನ್ನು ಬಿಡಿಸಿ ಮತ್ತೆ ನೀರಿಗೆ ಬಿಡುವ ಬಲೆಗಾರನಿಗೆ ಇಂದು ಯಾರೂ ಹಾರ ಹಾಕುವುದಿಲ್ಲ. ಆದರೂ ಮುಂದಿನ ಮಳೆಗಾಲದಲ್ಲಿ ಮಾಂಜ್ರಾ ತುಂಬಿ ಹರಿಯುವಾಗ, ಅದರೊಳಗೆ ಜೀವವೂ ತುಂಬಿರುವುದೇ ಇಲ್ಲವೇ ಎಂಬುದು ನಿಂತಿರುವುದು ಅವನ ಆ ಒಂದು ಕ್ಷಣದ ಕೈಸಡಿಲಿಕೆಯ ಮೇಲೆ.