ಕತ್ತಲಲ್ಲಿ ವಾದ್ಯವೃಂದದ ಕವಾಯತು

ರೇಡಿಯೋದ ಮುಳ್ಳನ್ನು ಶಾರ್ಟ್‌ವೇವ್ ಪಟ್ಟಿಯ ಮೇಲೆ ಮೆಲ್ಲಗೆ ಸರಿಸಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಒಂದು ನಿಲಯಕ್ಕೂ ಇನ್ನೊಂದಕ್ಕೂ ನಡುವೆ ಇರುವುದು ಮೌನವಲ್ಲ; ಶಿಳ್ಳು, ಗೊರಗೊರ ಸದ್ದು, ಯಾವುದೋ ದೂರದೇಶದ ಸಂಕೇತಸ್ವರ, ಅರ್ಥವಾಗದ ಭಾಷೆಯ ಅರ್ಧ ವಾಕ್ಯ. ನಾವು ಇವನ್ನೆಲ್ಲ ಅಡಚಣೆಯೆಂದು ಬಗೆದು ಮುಳ್ಳನ್ನು ಮುಂದೆ ಸರಿಸುತ್ತೇವೆ. ಈ ಅಡಚಣೆಯನ್ನೇ ಸಂಗೀತದ ಸಾಮಗ್ರಿಯಾಗಿ ಮಾಡಿಕೊಂಡು, ಅದರಿಂದ ಹೆಸರನ್ನೂ ನಷ್ಟವನ್ನೂ ಪಡೆದ ಇಬ್ಬರು ಇಂಗ್ಲಿಷ್ ಗೆಳೆಯರಿದ್ದಾರೆ. ಆಂಡಿ ಮೆಕ್‌ಕ್ಲಸ್ಕಿ ಮತ್ತು ಪಾಲ್ ಹಂಫ್ರೀಸ್ ಎಂಬುದು ಅವರ ಹೆಸರು.

ಇಬ್ಬರೂ ಲಿವರ್‌ಪೂಲಿನ ಎದುರು ದಡದ ವಿರಲ್ ಪ್ರಾಂತದಲ್ಲಿ ಬೆಳೆದವರು. ಪ್ರಾಥಮಿಕ ಶಾಲೆಯ ಗೆಳೆಯರು. 1975ರ ಸೆಪ್ಟೆಂಬರ್ 11ರಂದು ಲಿವರ್‌ಪೂಲಿನ ಎಂಪೈರ್ ರಂಗಮಂದಿರದಲ್ಲಿ ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡದ ಕಛೇರಿ ನಡೆಯಿತು. ಹದಿನಾರು ವರ್ಷದ ಮೆಕ್‌ಕ್ಲಸ್ಕಿ ಅಂದು ಸಭೆಯಲ್ಲಿದ್ದ. ವೇದಿಕೆಯ ಮೇಲೆ ನಾಲ್ವರು, ಕೈಯಲ್ಲಿ ಗಿಟಾರಿಲ್ಲ. ಅವರ ಮುಂದಿದ್ದುದು ವಿದ್ಯುತ್ ಯಂತ್ರಗಳು. ತನ್ನ ಮುಂದಿನ ದಾರಿ ಅಂದೇ ತೆರೆಯಿತೆಂದು ಮೆಕ್‌ಕ್ಲಸ್ಕಿ ಅನೇಕ ಸಲ ಹೇಳಿದ್ದಾರೆ.

ಇಷ್ಟಕ್ಕೂ ವಿದ್ಯುತ್ತಿನಿಂದ ನಾದ ಹುಟ್ಟುವುದು ಹೇಗೆ? ನಮ್ಮ ಕಛೇರಿಗಳಲ್ಲಿ ಕಾಣುವ ವಿದ್ಯುತ್ ಶ್ರುತಿಪೆಟ್ಟಿಗೆಯನ್ನು ನೆನೆಯಿರಿ. ಅದರೊಳಗೆ ತಿದಿಯಿಲ್ಲ, ತಂತಿಯಿಲ್ಲ. ವಿದ್ಯುನ್ಮಂಡಲವೊಂದರಲ್ಲಿ ಪ್ರವಾಹವು ಸೆಕೆಂಡಿಗೆ ನೂರಾರು ಸಲ ಏರಿಳಿಯುತ್ತದೆ; ಆ ಏರಿಳಿತವು ಧ್ವನಿವರ್ಧಕದ ಪೊರೆಯನ್ನು ಅದುರಿಸಿದಾಗ ಸ್ವರ ಕೇಳಿಸುತ್ತದೆ. ಸಿಂಥಸೈಜರಿನ ಮೂಲತತ್ತ್ವವೂ ಇದೇ. ಏರಿಳಿತದ ವೇಗವನ್ನು ಹೆಚ್ಚಿಸಿದರೆ ಸ್ವರ ಮೇಲೇರುತ್ತದೆ. ಸ್ವರದೊಳಗಿನ ಉಪಸ್ವರಗಳಲ್ಲಿ ಕೆಲವನ್ನು ಸೋಸಿ ತೆಗೆದರೆ ಅದೇ ಸ್ವರ ಕೊಳಲಿನಂತೆ ಮೃದುವಾದೀತು, ಕಹಳೆಯಂತೆ ಗಡುಸಾದೀತು. ಸ್ವರ ಥಟ್ಟನೆ ಮೊಳಗಬೇಕೋ, ಮೆಲ್ಲಗೆ ಮೂಡಿ ಮೆಲ್ಲಗೆ ಅಳಿಯಬೇಕೋ ಎಂಬುದನ್ನು ಇನ್ನೊಂದು ಮಂಡಲ ನಿರ್ಣಯಿಸುತ್ತದೆ. ಬೆರಳಿನ ಸಾಧನೆಗಿಂತ ಕಿವಿಯ ವಿವೇಕವೇ ಇಲ್ಲಿ ದೊಡ್ಡದು.

ಅಂಥ ಯಂತ್ರಗಳಿಗೆ ಬೆಲೆ ಬಹಳ; ಹುಡುಗರ ಬಳಿ ಹಣವಿರಲಿಲ್ಲ. ಹಂಫ್ರೀಸನಿಗೆ ವಿದ್ಯುತ್ ಕೆಲಸ ಗೊತ್ತಿತ್ತು. ಆತ ಹಳೆಯ ರೇಡಿಯೋ ಪೆಟ್ಟಿಗೆಗಳನ್ನು ಬಿಚ್ಚಿ ಸದ್ದು ಮಾಡುವ ಸಾಧನಗಳನ್ನು ಜೋಡಿಸಿದ. ಮೊದಲ ಸಿಂಥಸೈಜರ್ ಬಂದದ್ದು ಮೆಕ್‌ಕ್ಲಸ್ಕಿಯ ತಾಯಿಯ ಬಳಿಯಿದ್ದ ಅಂಚೆ ವ್ಯಾಪಾರದ ಪಟ್ಟಿಯಿಂದ, ವಾರದ ಕಂತಿನ ಮೇಲೆ. 1978ರ ಅಕ್ಟೋಬರಿನಲ್ಲಿ ಲಿವರ್‌ಪೂಲಿನ ಎರಿಕ್ಸ್ ಕ್ಲಬ್ಬಿನಲ್ಲಿ ಇಬ್ಬರೇ ವೇದಿಕೆ ಏರಿದರು. ಮೂರನೆಯ ಸದಸ್ಯನ ಸ್ಥಾನದಲ್ಲಿ ತಾಳವನ್ನು ಮುದ್ರಿಸಿಟ್ಟ ಟೇಪ್‌ರೆಕಾರ್ಡರ್ ಇತ್ತು. ಆರ್ವೆಲ್ಲರ ‘1984’ ಕಾದಂಬರಿಯ ನಾಯಕನ ನೆನಪಿಗಾಗಿ ಅದಕ್ಕೆ ‘ವಿನ್‌ಸ್ಟನ್’ ಎಂದು ನಾಮಕರಣವಾಗಿತ್ತು. ತಂಡದ ಹೆಸರು ‘ಆರ್ಕೆಸ್ಟ್ರಲ್ ಮನೂವರ್ಸ್ ಇನ್ ದ ಡಾರ್ಕ್’, ಎಂದರೆ ಕತ್ತಲಲ್ಲಿ ವಾದ್ಯವೃಂದದ ಕವಾಯತು. ಮೆಕ್‌ಕ್ಲಸ್ಕಿ ತನ್ನ ಕೋಣೆಯ ಗೋಡೆಯ ಮೇಲೆ ಗೀಚಿಟ್ಟಿದ್ದ ಮಾತುಗಳಲ್ಲಿ ಅದೂ ಒಂದು. ಜನರು ಅದನ್ನು ಓಎಂಡಿ ಎಂದು ಮೊಟಕುಮಾಡಿದರು.

1979ರಲ್ಲಿ ಮ್ಯಾಂಚೆಸ್ಟರಿನ ಫ್ಯಾಕ್ಟರಿ ಎಂಬ ಸಣ್ಣ ಕಂಪನಿ ಇವರ ಮೊದಲ ಮುದ್ರಿಕೆ ‘ಎಲೆಕ್ಟ್ರಿಸಿಟಿ’ಯನ್ನು ಹೊರತಂದಿತು. ಮನುಷ್ಯನು ಶಕ್ತಿಸಂಪನ್ಮೂಲಗಳನ್ನು ಪೋಲುಮಾಡುವುದೇ ಅದರ ವಿಷಯ. ಬಳಿಕ ದಿನ್‌ಡಿಸ್ಕ್ ಕಂಪನಿ ಮುಂಗಡ ಹಣ ಕೊಟ್ಟಾಗ ಗೆಳೆಯರು ಅದರಲ್ಲಿ ಸ್ವಂತ ಸ್ಟುಡಿಯೋ ಕಟ್ಟಿದರು. ಮುದ್ರಿಕೆ ಸೋತರೂ ಸ್ಟುಡಿಯೋ ಉಳಿಯುತ್ತದೆ ಎಂಬುದು ಅವರ ಲೆಕ್ಕ.

ಸೋಲುವ ಪ್ರಸಂಗ ಆಗ ಬರಲಿಲ್ಲ. 1980ರಲ್ಲಿ ‘ಎನೋಲಾ ಗೇ’ ಬಂದಿತು. ಇದು 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬನ್ನು ಹಾಕಿದ ವಿಮಾನದ ಹೆಸರು. ಚಾಲಕನು ತನ್ನ ತಾಯಿಯ ಹೆಸರನ್ನೇ ವಿಮಾನಕ್ಕೆ ಇಟ್ಟಿದ್ದನು. ತಾಯಿಯ ಹೆಸರು ಹೊತ್ತು ಒಂದು ನಗರವನ್ನು ಸುಡುವ ವೈಪರೀತ್ಯವೇ ಈ ಹಾಡಿನ ತಿರುಳು. ಆದರೆ ರಾಗ ಉಲ್ಲಾಸದ್ದು, ಲಯ ಕುಣಿತದ್ದು. ಇಷ್ಟು ಘೋರವಾದ ವಿಷಯಕ್ಕೆ ಇಂಥ ಉಡುಗೆ ತಕ್ಕುದೇ ಎಂಬ ಆಕ್ಷೇಪಣೆ ಸಹಜ. ಆದರೆ ಕುಣಿಯಲು ಬಂದವರ ನಾಲಿಗೆಯ ಮೇಲೆ ಆ ವಿಮಾನದ ಹೆಸರು ನಿಂತಿತೆಂಬುದನ್ನೂ ನಾವು ಎಣಿಸಬೇಕಾಗುತ್ತದೆ.

ಮುಂದಿನ ವರ್ಷ ‘ಆರ್ಕಿಟೆಕ್ಚರ್ ಅಂಡ್ ಮೊರಾಲಿಟಿ’ ಎಂಬ ದೊಡ್ಡ ಮುದ್ರಿಕೆ ಹೊರಬಿದ್ದಿತು. ಅದರಲ್ಲಿ ಮೆಲೊಟ್ರಾನ್ ಎಂಬ ವಿಚಿತ್ರ ವಾದ್ಯದ ಬಳಕೆ ವಿಶೇಷ. ಅದರ ಒಂದೊಂದು ಮನೆಯ ಕೆಳಗೂ ಒಂದೊಂದು ಟೇಪಿನ ತುಂಡು. ಅದರಲ್ಲಿ ಪಿಟೀಲಿನದೋ ಮೇಳಗಾಯನದ್ದೋ ನಿಜವಾದ ಸ್ವರ ಮುದ್ರಿತವಾಗಿರುತ್ತದೆ. ಮನೆಯನ್ನು ಒತ್ತಿದರೆ ಸುಮಾರು 8 ಸೆಕೆಂಡು ನುಡಿದು ಟೇಪು ಮುಗಿಯುತ್ತದೆ. 1431ರಲ್ಲಿ ಜೀವಂತ ದಹನಕ್ಕೆ ಗುರಿಯಾದ ಫ್ರಾನ್ಸಿನ ವೀರಬಾಲೆ ಜೋನ್ ಆಫ್ ಆರ್ಕಳನ್ನು ಕುರಿತ ಎರಡು ಹಾಡುಗಳು ಇದರಲ್ಲಿವೆ. ಎರಡೂ ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಐದರೊಳಗೆ ಬಂದವು.

ಇಂಥ ಗೆಲುವಿನ ಬಳಿಕ ಅದೇ ಅಚ್ಚಿನಲ್ಲಿ ಇನ್ನೊಂದನ್ನು ಎರೆದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಇವರು ಹಾಗೆ ಮಾಡಲಿಲ್ಲ. 1983ರ ಮಾರ್ಚಿನಲ್ಲಿ ಬಂದ ‘ಡ್ಯಾಜಲ್ ಶಿಪ್ಸ್’ ಶುರುವಾಗುವುದು ಹಾಡಿನಿಂದಲ್ಲ, ಪ್ರೇಗ್ ರೇಡಿಯೋದ ಸಂಕೇತಸ್ವರ ಮತ್ತು ಘೋಷಣೆಯಿಂದ! ಮುಂದೆ ಲೋಕದ ನಾನಾ ದೇಶಗಳಲ್ಲಿ ದೂರವಾಣಿಯ ಮೇಲೆ ವೇಳೆ ಹೇಳುವ ದನಿಗಳನ್ನು ಒಂದರಮೇಲೊಂದು ಹೆಣೆದ ಒಂದು ತುಣುಕು. ಮಕ್ಕಳಿಗೆ ಕಾಗುಣಿತ ಕಲಿಸುವ ಆಟಿಕೆಯ ಯಂತ್ರಸ್ವರ. ಯೂರೋಪು ಎರಡು ಪಾಳೆಯಗಳಾಗಿ ಒಡೆದಿದ್ದ ಆ ದಿನಗಳಲ್ಲಿ, ಗಡಿಗೆ ರಹದಾರಿ ಕೇಳದೆ ದಾಟುತ್ತಿದ್ದುದು ರೇಡಿಯೋ ಅಲೆಯೊಂದೇ. ಮುದ್ರಿಕೆಯ ಹೆಸರೂ ಅರ್ಥಪೂರ್ಣವಾದದ್ದು: ಮೊದಲನೆಯ ಮಹಾಯುದ್ಧದಲ್ಲಿ ಶತ್ರುವಿಗೆ ಹಡಗಿನ ದಿಕ್ಕೂ ವೇಗವೂ ತಿಳಿಯದಂತೆ ಅದರ ಮೈಗೆ ಅಡ್ಡಾದಿಡ್ಡಿ ಪಟ್ಟೆ ಬಳಿಯುತ್ತಿದ್ದರು. ಎಡ್ವರ್ಡ್ ವಾಡ್ಸ್‌ವರ್ತ್ ಅಂಥ ಹಡಗನ್ನು 1919ರಲ್ಲಿ ಚಿತ್ರಿಸಿದ್ದರು. ಮುದ್ರಿಕೆಗೆ ಹೆಸರು ಬಂದದ್ದು ಆ ಚಿತ್ರದಿಂದ.

ಕೇಳುಗರೂ ದಿಕ್ಕು ತಿಳಿಯದೆ ತಬ್ಬಿಬ್ಬಾದರು. ಹಿಂದಿನ ಮುದ್ರಿಕೆ ಮೂವತ್ತು ಲಕ್ಷ ಮಾರಾಟವಾಗಿದ್ದರೆ ಇದು ಮೂರು ಲಕ್ಷಕ್ಕೆ ನಿಂತಿತೆಂದು ಮೆಕ್‌ಕ್ಲಸ್ಕಿ ಹೇಳುತ್ತ ಬಂದಿದ್ದಾರೆ. ಪೆಟ್ಟು ತಿಂದ ಜೋಡಿ ಸುಲಭದ ಹಾದಿಗೆ ತಿರುಗಿತು. 1986ರಲ್ಲಿ ‘ಪ್ರಿಟಿ ಇನ್ ಪಿಂಕ್’ ಎಂಬ ಅಮೆರಿಕದ ಚಲನಚಿತ್ರದ ಮುಕ್ತಾಯವನ್ನು ತಯಾರಕರು ಬದಲಾಯಿಸಿದ್ದರಿಂದ ಇವರು ಮೊದಲು ಬರೆದಿದ್ದ ಹಾಡು ಹೊಂದದೆ ಹೋಯಿತು; ಒಂದೇ ದಿನದಲ್ಲಿ ‘ಇಫ್ ಯು ಲೀವ್’ ಎಂಬ ಬೇರೆ ಹಾಡನ್ನು ರಚಿಸಿಕೊಟ್ಟರು. ಅದು ಅಮೆರಿಕದಲ್ಲಿ 4ನೆಯ ಸ್ಥಾನಕ್ಕೇರಿತು. ಆದರೆ ಕೀರ್ತಿ ಬಂದಷ್ಟು ನೆಮ್ಮದಿ ಬರಲಿಲ್ಲ. 1989ರಲ್ಲಿ ಹಂಫ್ರೀಸ್ ಹೊರನಡೆದರು. ಮೆಕ್‌ಕ್ಲಸ್ಕಿ ಅದೇ ಹೆಸರಿನಲ್ಲಿ ಒಬ್ಬರೇ ಮುಂದುವರಿದು 1996ರಲ್ಲಿ ಬಾಗಿಲು ಹಾಕಿದರು.

ಕಥೆ ಅಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ಅಷ್ಟರಲ್ಲಿ ಹೊಸ ತಲೆಮಾರಿನ ಸಂಗೀತಗಾರರು ಹಳೆಯ ಮುದ್ರಿಕೆಗಳನ್ನು ಹುಡುಕಿ ಕೇಳತೊಡಗಿದ್ದರು. ಸೋತದ್ದೆಂದು ಬದಿಗಿಟ್ಟಿದ್ದ ‘ಡ್ಯಾಜಲ್ ಶಿಪ್ಸ್’ ಈಗ ಧೀರಪ್ರಯೋಗವೆಂಬ ಮನ್ನಣೆ ಪಡೆಯಿತು. 2008ರಲ್ಲಿ ಅದು ಮತ್ತೆ ಅಚ್ಚಾಯಿತು. ಬಾಲ್ಯದ ಗೆಳೆಯರೂ ಮತ್ತೆ ಕೂಡಿದರು. 2007ರಲ್ಲಿ ‘ಆರ್ಕಿಟೆಕ್ಚರ್ ಅಂಡ್ ಮೊರಾಲಿಟಿ’ಯನ್ನು ಪೂರ್ತಿಯಾಗಿ ನುಡಿಸುತ್ತ ಊರೂರು ತಿರುಗಿದರು. 2010ರಿಂದ ಹೊಸ ಮುದ್ರಿಕೆಗಳನ್ನು ಹೊರತಂದರು. 2023ರ ‘ಬೌಹೌಸ್ ಸ್ಟೇರ್‌ಕೇಸ್’ ಬ್ರಿಟನ್ನಿನ ಪಟ್ಟಿಯಲ್ಲಿ 2ನೆಯ ಸ್ಥಾನವನ್ನು ಮುಟ್ಟಿತು.

ಯಂತ್ರದಿಂದ ಬಂದ ಸ್ವರಕ್ಕೆ ಹೃದಯವಿಲ್ಲವೆಂಬ ಮಾತು ಹೊಸದಲ್ಲ. ಹಾರ್ಮೋನಿಯಂ ಬಂದಾಗಲೂ ನಮ್ಮಲ್ಲಿ ತಕರಾರುಗಳೆದ್ದವು. ಈ ಜೋಡಿಯ ಬಾಳು ಆ ಮಾತಿಗೆ ಒಂದು ಉತ್ತರವನ್ನು ಕೊಡುತ್ತದೆ. ಹೃದಯವಿರಬೇಕಾದದ್ದು ಪೆಟ್ಟಿಗೆಯಲ್ಲಿ ಅಲ್ಲ, ಅದನ್ನು ನುಡಿಸುವವನಲ್ಲಿ. ಮತ್ತು ಅಷ್ಟೇ ಮಟ್ಟಿಗೆ, ತಾಳ್ಮೆಯಿಂದ ಕಿವಿಗೊಡುವ ಕೇಳುಗನಲ್ಲಿ. ಮೊದಲ ಸಲ ಕೇಳಿ ಬೇಡವೆಂದದ್ದನ್ನು ಇಪ್ಪತ್ತೈದು ವರ್ಷಗಳ ಮೇಲೆ ಮತ್ತೆ ಕೇಳಿದ ಜನರಿಂದಲೇ ಆ ಮುದ್ರಿಕೆ ಬದುಕಿತು.